ಹಿಂದಿನ ಕೋಣೆಯ ಗೋಡೆ

"ಓರೆ ಮಾಡ್ರಪ್ಪಾ, ಓರೆ! ನನ್ನನ್ನಲ್ಲ, ಕುರ್ಚೀನ!"

ಮೆಟ್ಟಿಲಿನ ತಿರುವಿನಲ್ಲಿ ಕುರ್ಚಿಯ ಸಮೇತ ತೂಗಾಡುತ್ತಿದ್ದ ಪೇಂಟರು ಹೀಗೆ ಕೂಗಿದಾಗ ಹೊತ್ತವರಿಗೆಲ್ಲ ನಗು ಬಂದು ಇನ್ನೇನು ಕೈಬಿಡುವವರಿದ್ದರು. ಯಾವುದೋ ಕಟ್ಟಡಕ್ಕೆ ಬಣ್ಣ ಬಳಿಯುವಾಗ ಮೇಲಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಮೇಲೆ ಅವನು ಈ ಮೂರನೆಯ ಮಹಡಿಯಿಂದ ಇಳಿದದ್ದೆಲ್ಲ ಆಸ್ಪತ್ರೆಗೆ. ಇವತ್ತು ಇಳಿಯುತ್ತಿರುವುದು ಕೊನೆಯ ಸಲ. ಔಷಧದ ಚೀಲ ಹಿಡಿದು ಹಿಂದೆ ಬರುತ್ತಿದ್ದ ಹೆಂಡತಿ, "ಬಾಯಿ ಮುಚ್ಕೊಂಡು ಕೂತ್ಕೊಳ್ರೀ, ಬೀಳಿಸಿಬಿಟ್ಟಾರು" ಎಂದು ಗದರಿದಳು.

"ಬಿದ್ದು ಅಭ್ಯಾಸ ಇದೆ ಬಿಡೇ" ಎಂದ ಅವನು.

ಬಾಡಿಗೆಗೆ ತಂದ ವ್ಯಾನಿನ ಮುಂದಿನ ಸೀಟಿನಲ್ಲಿ ಅವನನ್ನು ಕೂರಿಸಿದ್ದಾಯಿತು. ಕೊಳ್ಳಲಿದ್ದ ಹೊಸ ಮನೆ ನೆಲಕ್ಕೇ ಇತ್ತು, ಒಂದು ಮೆಟ್ಟಿಲೂ ಇಲ್ಲ. ಬಚ್ಚಲಿನ ಬಾಗಿಲೊಂದೇ ಇಕ್ಕಟ್ಟು. ಅದನ್ನು ಒಡೆದು ಅಗಲ ಮಾಡಿ, ಹೊಸ್ತಿಲು ಕಿತ್ತು, ಗೋಡೆಗೆ ಹಿಡಿಕೆ ಕೂರಿಸಿದರೆ ಗಾಲಿಕುರ್ಚಿ ಸಲೀಸಾಗಿ ಒಳಗೆ ಹೋಗುತ್ತದೆ ಎಂದು ಗಾರೆ ಕೆಲಸದವನು ಅಳತೆ ತೆಗೆದುಕೊಂಡು ಹೋಗಿದ್ದ. ಪೇಂಟರಿಗೆ ಉಳಿದಿದ್ದ ಆಸೆ ಅದೊಂದೇ. "ನಾನಾಗಿ ಬಚ್ಚಲಿಗೆ ಹೋಗಿ, ಒಳಗಿಂದ ಚಿಲಕ ಹಾಕ್ಕೋಬೇಕು ಕಣೇ. ಗಂಡಸಿಗೆ ಇನ್ನೇನು ಬೇಕು?" ಎನ್ನುತ್ತಿದ್ದ. ತಮಾಷೆಯಂತೆ ಹೇಳುತ್ತಿದ್ದ, ಆದರೆ ಅದು ತಮಾಷೆಯಲ್ಲ ಎಂದು ದಿನವೂ ಅವನನ್ನು ಎತ್ತಿ ಕೂರಿಸುವ ಅವಳಿಗೆ ತಿಳಿದಿತ್ತು. ಅದಕ್ಕಾಗಿಯೇ ಈ ಮಾರಾಟ.

ಮಾರಾಟ ಇಷ್ಟು ಎಳೆದಾಡಿದ್ದು ವಕೀಲರಿಂದ. ಕೊಳ್ಳುವವರ ವಕೀಲರು ಪ್ರತಿ ಸಲವೂ "ಎಲ್ಲ ಸರಿಯಾಗಿದೆ, ಆದ್ರೆ..." ಎಂದು ಹೊಸದೊಂದು ಕಾಗದ ಕೇಳುತ್ತಿದ್ದರು. ಇವಳ ವಕೀಲರು ಏನು ಕೇಳಿದರೂ "ಆಯ್ತಮ್ಮ" ಎಂದು ವಾರಗಟ್ಟಲೆ ಫೋನೆತ್ತುತ್ತಿರಲಿಲ್ಲ. ಪೇಂಟರು ಮಲಗಿದಲ್ಲೇ ಅವರಿಬ್ಬರಿಗೂ ಹೆಸರಿಟ್ಟಿದ್ದ: ಆದ್ರೆ ಮತ್ತು ಆಯ್ತಮ್ಮ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಗಾದೆ ಇವರನ್ನು ನೋಡಿ ಹುಟ್ಟಿದ್ದೇ ಸರಿ. ಮನೆಯ ಬೆಲೆ ಏನೇ ಆಗಲಿ, ಇಬ್ಬರ ಫೀಸೂ ಮೊದಲೇ ಗಟ್ಟಿಯಾಗಿತ್ತು.

ಆಯ್ತಮ್ಮ ವಕೀಲರು ತಮ್ಮಷ್ಟಕ್ಕೆ ತಾವೇ ಫೋನು ಮಾಡಿದ್ದು ಒಂದೇ ಸಲ, ಅದೂ ಹಿಂದಿನ ದಿನ. "ನಾಳೆ ನೋಂದಣಿ ಆಗೋವರೆಗೂ ಆ ಕಡೆಯವರ ಹತ್ರ ಏನೂ ಮಾತಾಡಬೇಡಿ. ಏನೇ ಇದ್ರೂ ನಮ್ಮ ಮೂಲಕ."

ಹುಟ್ಟಿದಾಗಿನಿಂದ ಬಾಯಿ ಮುಚ್ಚಿ ಗೊತ್ತಿಲ್ಲದ ಹೆಂಗಸಿಗೆ ಹೇಳುವ ಮಾತೇ ಇದು? ಅವಳು ಸಿಟಿ ಬಸ್ಸಿನ ಕಂಡಕ್ಟರ್. ಟಿಕೆಟ್ ಕೊಡುತ್ತಲೇ ಯಾರ ಮಗುವಿಗೆ ಜ್ವರ, ಯಾರ ಅತ್ತೆ ಮಾತು ಬಿಟ್ಟಿದ್ದಾಳೆ ಎಲ್ಲ ತಿಳಿದುಕೊಳ್ಳುವವಳು.

ಗಂಡನನ್ನು ವ್ಯಾನಿನಲ್ಲೇ ಬಿಟ್ಟು ಅವಳು ಮತ್ತೆ ಮೇಲೆ ಬರುವಷ್ಟರಲ್ಲಿ ಕೊಳ್ಳುವವನ ಹೆಂಡತಿ ಬಂದು, ಖಾಲಿ ಕೋಣೆಯ ನಡುವೆ ಫ್ಲಾಸ್ಕು ಹಿಡಿದು ನಿಂತಿದ್ದಳು. ಎಳೆ ವಯಸ್ಸು, ತುಂಬಿದ ಬಸುರಿ. ಗಂಡನದು ಔಷಧದ ಅಂಗಡಿ; ಅವನು ಬಾಲ್ಕನಿಯಲ್ಲಿ ಫೋನಿನಲ್ಲಿದ್ದ. ವಕೀಲರು ಬರುವುದು ತಡವಾಗುತ್ತದಂತೆ.

"ಅಕ್ಕಾ, ಟೀ ಕುಡೀರಿ" ಎಂದಳು ಹುಡುಗಿ. "ಬೆಳಗಿನಿಂದ ಏನೂ ತಿಂದಿಲ್ಲ ಅನ್ಸುತ್ತೆ, ಮುಖ ನೋಡಿದ್ರೇ ಗೊತ್ತಾಗುತ್ತೆ."

ಅಷ್ಟು ಸಾಕಾಯಿತು. ಇಬ್ಬರೂ ನೆಲದ ಮೇಲೆ ಕೂತು ಟೀ ಕುಡಿದರು. ಕಂಡಕ್ಟರಮ್ಮ ಮನೆಯ ಸ್ವಭಾವವನ್ನು ಒಂದೊಂದಾಗಿ ಹೇಳಿಕೊಟ್ಟಳು: ಮುಂಬಾಗಿಲನ್ನು ಸ್ವಲ್ಪ ಎತ್ತಿ ತಳ್ಳಬೇಕು, ಅಡುಗೆಮನೆಯ ಕಿಟಕಿ ತೆಗೆದರೆ ಪಾರಿವಾಳ ಬರುತ್ತವೆ, ಮಗುವಿನ ತೊಟ್ಟಿಲಿಗೆ ಹಿಂದಿನ ಕೋಣೆಯೇ ಒಳ್ಳೆಯದು, ಬೆಳಕು ಹಿತವಾಗಿರುತ್ತದೆ.

"ಎಷ್ಟು ಚೆನ್ನಾಗಿದೆ ಅಕ್ಕಾ ಈ ಗೋಡೆ. ಕೈಯಿಟ್ರೆ ಜಾರುತ್ತೆ" ಎಂದು ಹುಡುಗಿ ಹಿಂದಿನ ಕೋಣೆಯ ಗೋಡೆಯನ್ನು ಸವರಿದಳು.

ಗಂಡನ ಕೈಕೆಲಸವನ್ನು ಯಾರಾದರೂ ಹೊಗಳಿದ್ದು ಎಷ್ಟೋ ಕಾಲದ ಮೇಲೆ. ಅವಳ ಎದೆ ಉಬ್ಬಿತು. "ನಮ್ಮವರದ್ದೇ ಕೈ. ಈ ಗೋಡೆ ಮಳೆಗಾಲದಲ್ಲಿ ಸ್ವಲ್ಪ ತೇವ ಹಿಡಿಯುತ್ತೆ ಕಣಮ್ಮಾ. ಅವರು ವರ್ಷಾ ವರ್ಷಾ ಅಷ್ಟನ್ನೂ ಕೆರೆದು, ಒಣಗಿಸಿ, ಪುಟ್ಟಿ ಹಾಕಿ, ಮೇಲೆ ಬಣ್ಣ ಕೊಡೋರು. ಬಿದ್ದ ಮೇಲೂ ಬಿಡಲಿಲ್ಲ, ನೋಡು. ಕೆಳಗಿನ ಅರ್ಧ ಗಾಲಿಕುರ್ಚೀಲಿ ಕೂತು ಅವರೇ ಬಳಿದಿದ್ದು, ಮೇಲಿನದು ನಾನು. ಎಲ್ಲಿ ಸೇರುತ್ತೆ ಹೇಳು ನೋಡೋಣ?"

ಹುಡುಗಿ ಹುಡುಕಿದಳು, ಸಿಗಲಿಲ್ಲ. ಇಬ್ಬರೂ ನಕ್ಕರು. "ರೀ, ಬನ್ನಿ ಇಲ್ಲಿ, ಅಕ್ಕ ಏನು ಹೇಳ್ತಿದಾರೆ ಕೇಳಿ" ಎಂದು ಅವಳು ಗಂಡನನ್ನು ಕರೆದಳು. ಅವನು ಕೇಳಿದ, ಗೋಡೆ ನೋಡಿದ, ತಲೆಯಾಡಿಸಿ ಫೋನು ಒತ್ತುತ್ತಾ ಮತ್ತೆ ಬಾಲ್ಕನಿಗೆ ಹೋದ.

ವಕೀಲರಿಬ್ಬರೂ ಒಂದೇ ಕಾರಿನಲ್ಲಿ ಬಂದಿಳಿದರು. ‘ಆದ್ರೆ’ ವಕೀಲರು ನೇರವಾಗಿ ಹಿಂದಿನ ಕೋಣೆಗೆ ನಡೆದು, ಬೆರಳಿನ ಗೆಣ್ಣಿನಿಂದ ಗೋಡೆಯನ್ನು ಕುಟ್ಟಿ ನೋಡಿದರು.

"ಕಾಗದ ಎಲ್ಲಾ ಸರಿಯಾಗಿದೆಯಮ್ಮ. ಆದ್ರೆ ಗೋಡೇಲಿ ತೇವ ಇದೆ ಅಂತ ಗೊತ್ತಿದ್ದೂ ಬಣ್ಣ ಹಚ್ಚಿ ಮುಚ್ಚಿದೀರಿ. ನಮ್ಮ ಕಕ್ಷಿದಾರರಿಗೆ ಇದು ಮೋಸ. ಬೆಲೆ ಇಳಿಸಿದ್ರೆ ಇವತ್ತೇ ಮುಗಿಸೋಣ, ಇಲ್ಲಾಂದ್ರೆ ಕರಾರು ರದ್ದು." ಇಳಿಸಬೇಕಾದ್ದು ಎಷ್ಟೆಂದೂ ಹೇಳಿದರು.

"ಮುಚ್ಚಿಡೋರು ಕರೆದು ತೋರಿಸ್ತಾರಾ ಸ್ವಾಮಿ? ನಾನೇ ಅಲ್ವಾ ಹೇಳಿದ್ದು!"

"ಇವತ್ತು ಹೇಳಿದ್ರಿ. ಕರಾರಿನ ದಿನ ಹೇಳಲಿಲ್ಲ."

"ಅವತ್ತೇ ನಮ್ಮ ವಕೀಲರಿಗೆ ಹೇಳಿದ್ದೆ. ಬರೀಬೇಕಾ ಅಂತಾನೂ ಕೇಳಿದ್ದೆ. ಅದೆಲ್ಲ ಬೇಡಮ್ಮ ಅಂದ್ರು. ಹೇಳಿ ಸಾರ್!"

ಆಯ್ತಮ್ಮ ವಕೀಲರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. "ನನಗೆ ನೆನಪಿಲ್ಲಮ್ಮ. ನಾನು ನಿನ್ನೆ ಏನು ಹೇಳಿದ್ದೆ? ಬಾಯಿ ಬಿಡಬೇಡಿ ಅಂತ ಹೇಳಿದ್ನೋ ಇಲ್ವೋ?"

ಅವಳಿಗೆ ಮೈಯೆಲ್ಲ ಉರಿಯಿತು. ಬಸ್ಸಿನಲ್ಲಾಗಿದ್ದರೆ ಸೀಟಿ ಊದಿ ಇಬ್ಬರನ್ನೂ ನಡುರಸ್ತೆಯಲ್ಲಿ ಇಳಿಸಿಬಿಡುತ್ತಿದ್ದಳು. ಅವಳು ಹುಡುಗಿಯ ಕಡೆ ತಿರುಗಿದಳು. ಹುಡುಗಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ತಲೆ ತಗ್ಗಿಸಿದ್ದಳು. "ನಾನು ಸುಮ್ನೆ ಹೇಳಿದ್ದು ಅಕ್ಕಾ" ಎಂದಳು. ಬೇಡ ಬಿಡಿ ಎಂದು ಗಂಡನಿಗೆ ಮಾತ್ರ ಹೇಳಲಿಲ್ಲ. "ವಕೀಲರೇ ಹೇಳಿದ ಮೇಲೆ ನಾವೇನು ಮಾಡೋಕಾಗುತ್ತೆ?" ಎಂದ ಗಂಡ, ಯಾರ ಮುಖವನ್ನೂ ನೋಡದೆ.

ಅವಳು ಕೆಳಗಿಳಿದು ವ್ಯಾನಿನ ಬಾಗಿಲಿಗೆ ಒರಗಿ ಎಲ್ಲವನ್ನೂ ಗಂಡನಿಗೆ ಹೇಳಿದಳು. ಅವರು ಕೇಳಿದ ಮೊತ್ತವೆಂದರೆ ಹೆಚ್ಚು ಕಡಿಮೆ ಬಚ್ಚಲಿನ ಖರ್ಚೇ. ಬೇಡವೆನ್ನುವ ಹಾಗೂ ಇರಲಿಲ್ಲ. ಹೊಸ ಮನೆ ಮಾರುವವರು ಸಂಜೆಯವರೆಗೆ ಮಾತ್ರ ಕಾಯುವವರು, ಮುಂಗಡ ಆಗಲೇ ಅವರ ಕೈಸೇರಿತ್ತು.

"ಬಣ್ಣ ಚೆನ್ನಾಗಿ ಹಚ್ಚಿದ್ದೇ ತಪ್ಪಾಯ್ತು ಅನ್ನು" ಎಂದು ಪೇಂಟರು ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. ತನ್ನ ಕೈಗಳನ್ನು ಮಗುಚಿ ನೋಡಿಕೊಂಡ. "ಸೈನ್ ಹಾಕೋಣ ಬಿಡು. ಇಷ್ಟು ದಿನ ನೀನೇ ಎತ್ತಿದೀಯ. ಇನ್ನೂ ಎತ್ತು."

"ನನ್ನ ಬಾಯಿಗೆ ಬೆಂಕಿ ಬೀಳ!" ಎಂದು ಅವಳು ಅಲ್ಲೇ, ಬೀದಿಯಲ್ಲಿ, ಅತ್ತುಬಿಟ್ಟಳು.

ನೋಂದಣಿ ಕಚೇರಿಯಲ್ಲಿ ಎಲ್ಲವೂ ಬೇಗ ಮುಗಿಯಿತು. ಗುಮಾಸ್ತನೊಬ್ಬ ವ್ಯಾನಿನ ಹತ್ತಿರವೇ ಬಂದು ಪೇಂಟರ ಸಹಿ ಹಾಕಿಸಿಕೊಂಡ. ವಕೀಲರಿಬ್ಬರೂ ಪರಸ್ಪರ ಕೈಕುಲುಕಿ ಒಂದೇ ಕಾರು ಹತ್ತಿದರು. ಬಾಗಿಲು ಹಾಕಿಕೊಳ್ಳುವ ಮುಂಚೆ ಆಯ್ತಮ್ಮ ವಕೀಲರು, "ಅಂತೂ ಸುಸೂತ್ರವಾಗಿ ಆಯ್ತಮ್ಮ" ಎಂದರು. ಅವಳು ವ್ಯಾನಿನ ಕಡೆ ನಡೆದಳು.

ಉಳಿದಿದ್ದ ಮಂಚವನ್ನು ಹೇರಿಕೊಳ್ಳಲು ಅವರು ಹಳೆಯ ಮನೆಗೆ ವಾಪಸಾದಾಗ ಅಲ್ಲಿ ಹುಡುಗಿಯ ಪಾತ್ರೆಗಳು ಆಗಲೇ ಒಳಗೆ ಬಂದಿದ್ದವು. ಕಂಡಕ್ಟರಮ್ಮ ಯಾರನ್ನೂ ಮಾತಾಡಿಸದೆ ಬೀಗದ ಕೈಯನ್ನು ಕಿಟಕಿಯ ಮೇಲಿಟ್ಟು, ಮಂಚ ಹೊತ್ತವರ ಹಿಂದೆಯೇ ಇಳಿದಳು. ಮಂಚವನ್ನು ವ್ಯಾನಿಗೆ ಕಟ್ಟಿ ಮುಗಿಸಿ, ಅವಳು ಗಂಡನ ಪಕ್ಕದಲ್ಲಿ ಒತ್ತರಿಸಿಕೊಂಡು ಕೂರುತ್ತಿದ್ದಂತೆಯೇ ಮೇಲೆ ಏನೋ ಟಣ್ಣೆಂದು ಬಿದ್ದ ಸದ್ದಾಯಿತು. ಹುಡುಗಿ ಬಾಲ್ಕನಿಗೆ ಓಡಿ ಬಂದಳು. ಸೆರಗಿನಿಂದ ನೀರು ಸುರಿಯುತ್ತಿತ್ತು.

"ಅಕ್ಕಾ! ಅಡುಗೆಮನೆ ನಲ್ಲಿ ಕಿತ್ತು ಬಂತು! ಇವರು ಇನ್ನೂ ಬಂದಿಲ್ಲ. ನೀರು ಎಲ್ಲಿ ನಿಲ್ಲಿಸೋದು ಅಕ್ಕಾ?"

ನಿಲ್ಲಿಸುವ ವಾಲ್ವು ತಾರಸಿಯ ಬಾಗಿಲ ಹಿಂದೆ, ಕತ್ತಲೆ ಮೂಲೆಯಲ್ಲಿತ್ತು, ತಿಳಿಯದವರಿಗೆ ಸಿಗುವಂಥದ್ದಲ್ಲ. ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು. ಹುಡುಗಿ ಒಂದು ಕೈಯಿಂದ ಕಂಬಿಯನ್ನೂ ಇನ್ನೊಂದರಿಂದ ಹೊಟ್ಟೆಯನ್ನೂ ಹಿಡಿದು ಕೆಳಗೆ ಬಗ್ಗಿದ್ದಳು.

ಅವಳು ಗಂಡನನ್ನು ನೋಡಿದಳು. ಆ ವಾಲ್ವನ್ನು ಕೂರಿಸಿದವನೇ ಅವನು. ಅವನೂ ಅವಳನ್ನು ನೋಡಿದ, ಆಮೇಲೆ ಮುಖವನ್ನು ಮುಂದಿನ ರಸ್ತೆಯ ಕಡೆ ತಿರುಗಿಸಿದ.

"ಹೊರಡ್ಲಾ ಅಮ್ಮಾ?" ಎಂದು ಕೇಳಿದ ಡ್ರೈವರ್.

"ಹೊರಡಪ್ಪಾ" ಎಂದಳು ಅವಳು.

ವ್ಯಾನು ಸದ್ದು ಮಾಡುತ್ತ ಮುಂದೆ ಸರಿಯಿತು. "ಅಕ್ಕಾ... ಅಕ್ಕಾ..." ಎಂಬ ಕೂಗು ಬೀದಿಯ ತಿರುವಿನ ತನಕವೂ ಬರುತ್ತಲೇ ಇತ್ತು. ಅವಳು ಕೈ ಚಾಚಿ ಕಿಟಕಿಯ ಗಾಜನ್ನು ನಿಧಾನವಾಗಿ ಮೇಲಕ್ಕೆ ಏರಿಸಿದಳು.