ಉತ್ತರ ಕೇಳಿದ ಮ್ಯಾಲ ಹಗುರ

ಆ ಮುಂಜಾನೆ ಕಪ್ಪತಗುಡ್ಡದ ಕಡೆಯಿಂದ ಬೀಸಿದ ಗಾಳಿಗೆ ಮೋಡವೆಲ್ಲ ಚದುರಿ, ಮುಂಡರಗಿಯ ಮೇಲೆ ದೇವರು ಕಣ್ಣು ಬಿಟ್ಟಂತೆ ಬಿಸಿಲು ಬಿದ್ದಿತ್ತು. ಅಫ್ರೀನಳ ಮುಖ ಮಾತ್ರ ಬಾಡಿತ್ತು. ಮಾತು ತಿಳಿದು ನಡೆಯುವ ಹಿಟ್ಟಿನ ಗಿರಣಿಯೊಂದನ್ನು ಅವಳು ಕಟ್ಟಿದ್ದಳು. ಗದ್ದಲದಲ್ಲಿ ಗಿರಣಿಗೆ ಮಾತು ಕೇಳಿಸುವುದಿಲ್ಲವಲ್ಲ. ಅದಕ್ಕೇ ಎದುರಿಗಿದ್ದವರು ಬಾಯಿ ತೆರೆದದ್ದು ಕಂಡೊಡನೆ ಅವಳ ಯಂತ್ರ ತಾನೇ ನಿಂತು ಕೇಳಿಸಿಕೊಳ್ಳುತ್ತಿತ್ತು. ಅದರ ಪೇಟೆಂಟ್ ಅರ್ಜಿಗೆ ಸಹಕಾರಿ ಸಂಘದ ಹಿರಿಯ ಗಾಳೆಪ್ಪನ ಸಹಿ ಬೇಕಿತ್ತು.

ಗಾಳೆಪ್ಪ ಅರ್ಜಿಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದ. "ಇದು ಯಾರಿಗಾದ್ರೂ ಹೊಳೀತೈತಿ, ತಂಗಿ. ಅಂಥಾದ್ದಕ್ಕ ಪೇಟೆಂಟ್ ಕೊಡಂಗಿಲ್ಲ."

"ಉತ್ತರ ಕೇಳಿದ ಮ್ಯಾಲ ಎಲ್ಲಾ ಒಡಪೂ ಹಗುರರಿ, ಕಾಕಾ. ಉತ್ತರ ಹೇಳದ ಯಾರನ್ನಾದ್ರೂ ಕೇಳಿ ನೋಡ್ರಿ."

ಒಡಪು, ಅಂದರೆ ಒಗಟು, ಬಿಡಿಸಲಾಗದವರು ತಪ್ಪಿಗೊಂದರಂತೆ ಬಾಯಿಮಾತಿನಲ್ಲೇ ಊರು ಬಿಟ್ಟುಕೊಡುವುದು ಆಟದ ರೂಢಿ. ಗಾಳೆಪ್ಪ ಗಿರಣಿ ರಿಪೇರಿಯ ಹುಲಿಗೇಶನನ್ನು ಕರೆಸಿದ. "ಗದ್ದಲದ ಗಿರಣಿಗೆ ಮಾತು ತಿಳಿಸೋದು ಹೆಂಗಲೇ?"

"ಮೈಕ್ ಹಿಡಿದು ಒದರಬೇಕ್ರಿ," ಎಂದು ಹುಲಿಗೇಶ ಮುಳಗುಂದ ಕಳೆದುಕೊಂಡ. "ಕೈಸನ್ನಿ ಕಲಿಸಬೇಕ್ರಿ," ಎಂದಾಗ ಲಕ್ಷ್ಮೇಶ್ವರ ಹೋಯಿತು. "ಎರಡು ಏಟು ಹಾಕಿದ್ರ ತಿಳೀತೈತ್ರಿ," ಎಂದಾಗ ಶಿರಹಟ್ಟಿಯೂ ಹೋಯಿತು.

ಮಧ್ಯಾಹ್ನಕ್ಕೆ ಅವನು ಬೆವರೊರೆಸಿಕೊಂಡ. "ಗದಗ ತಗೋರಿ. ಬೆಟಗೇರಿ ಕೇಳಬ್ಯಾಡ್ರಿ, ಅಲ್ಲಿ ಹೆಂಡ್ತಿ ತವರುಮನಿ ಐತಿ. ಸೋತೆ, ಹೇಳಿಬಿಡ್ರಿ."

ಅಫ್ರೀನ ಉತ್ತರ ಹೇಳಿದಳು.

ಹುಲಿಗೇಶ ಮೂಗು ಮುರಿದ. "ಇಷ್ಟನಾ? ಇದು ಯಾರಿಗಾದ್ರೂ ಹೊಳೀತೈತಿ."

ಗಾಳೆಪ್ಪ ತೊಡೆಯ ಕೆಳಗಿನ ಅರ್ಜಿಯನ್ನು ಎಳೆದು, ಸಹಿ ಹಾಕಿ, ಅಫ್ರೀನಳ ಕೈಗೆ ಮರಳಿಸಿದ.