ಹದಿನಾರು ವರ್ಷದ ಕಾರ್ಡು

ದೊಡ್ಡಕ್ಕನ ಕೊರಳಲ್ಲಿ ಒಂದು ಕಪ್ಪು ದಾರ, ದಾರದಲ್ಲಿ ಎರಡೇ ವಸ್ತು: ಬೆರಳುದ್ದದ ಕತ್ತರಿ, ಮನೆಯ ಕೀ. ಕತ್ತರಿ ಇರುವುದು ನೂಲಿಗೆ. ಹೊಲಿದು ಮುಗಿಸಿದ ಬಟ್ಟೆಯಲ್ಲಿ ಒಂದು ನೂಲಿನ ತುದಿ ಇಣುಕಿದರೂ ಅದು ಅವಳ ಅಂಗಡಿಯ ಹೊಸ್ತಿಲು ದಾಟುವಂತಿರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಗಿರಾಕಿ ಒಂಟಿಕಾಲಲ್ಲಿ ಕುಣಿಯುತ್ತಿದ್ದರೂ ಸರಿಯೇ, ಪ್ಯಾಂಟನ್ನು ಒಳಹೊರಗು ಮಾಡಿ, ಬೆಳಕಿಗೆ ಹಿಡಿದು, ಕಚಕ್ ಕಚಕ್ಕೆಂದು ಕತ್ತರಿಸಿಯೇ ಕೊಡುವವಳು. “ತುದಿ ಬಿಟ್ಟು ಕೊಟ್ರೆ ಕೆಲಸ ಮುಗಿದಿಲ್ಲ ಅಂತ ಅರ್ಥ” ಎಂಬುದು ಅವಳ ವೇದವಾಕ್ಯ. ಆ ವೇದವಾಕ್ಯವೇ ಅವಳನ್ನು ಮುಳುಗಿಸಿತು, ಕೇಳಿ.

ಅಂಗಡಿಯೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಬಟ್ಟೆ ಹಾಕಿ ನೋಡಲು ಪರದೆ ಕಟ್ಟಿದ ಮೂಲೆ. ಉದ್ದ ಕಡಿಮೆ ಮಾಡುವುದು, ಸೊಂಟ ಬಿಡಿಸುವುದು, ಜಿಪ್ಪು ಬದಲಿಸುವುದು, ಇಷ್ಟೇ ಕೆಲಸ. ಆದರೂ ಇಪ್ಪತ್ತೆರಡು ವರ್ಷದಲ್ಲಿ ಆ ಬೀದಿಯಲ್ಲಿ ಯಾರ ಹೊಟ್ಟೆ ಎಷ್ಟು ಬೆಳೆದಿದೆ ಎಂಬುದು ಅವರವರ ಹೆಂಡತಿಯರಿಗಿಂತ ದೊಡ್ಡಕ್ಕನಿಗೇ ಚೆನ್ನಾಗಿ ಗೊತ್ತಿತ್ತು.

ಎರಡನೇ ಯಂತ್ರದಲ್ಲಿ ಕೂರುವವಳು ತಂಗಿ. ನಲವತ್ತಮೂರು ತುಂಬಿದರೂ ಎಲ್ಲರ ಬಾಯಲ್ಲಿ ಪುಟ್ಟಿ. ಮದುವೆ ಮುರಿದು ಒಂದು ಸೂಟ್‌ಕೇಸ್ ಹಿಡಿದು ಬಂದವಳು ಒಂಬತ್ತು ವರ್ಷದಿಂದ ಅಕ್ಕನ ಮನೆಯ ಹಾಲಿನಲ್ಲಿ, ಸೋಫಾದ ಮೇಲೆ ಮಲಗುತ್ತಿದ್ದಳು. ಒಂಬತ್ತೂವರೆಗೆ ದೀಪ ಆರಬೇಕು, ಇದು ಅಕ್ಕನ ಕಾಯಿದೆ. ಇಬ್ಬರೂ ಒಟ್ಟಿಗೇ ಹೋಗಿ ಒಟ್ಟಿಗೇ ಬರುವವರಾದ್ದರಿಂದ ಇನ್ನೊಂದು ಕೀ ಮಾಡಿಸುವ ಯೋಚನೆ ದೊಡ್ಡಕ್ಕನಿಗೆ ಬಂದೇ ಇರಲಿಲ್ಲ. ಸ್ವಭಾವದಲ್ಲಿ ಪುಟ್ಟಿ ಅಕ್ಕನಿಗೆ ತದ್ವಿರುದ್ಧ. ಒಂಟಿ ಗುಂಡಿ, ತುಂಡು ನೂಲು, ಹಳೇ ರಸೀದಿ, ಏನನ್ನೂ ಎಸೆಯುವವಳಲ್ಲ. ಎಲ್ಲವೂ ಒಂದು ಬಿಸ್ಕತ್ತಿನ ಡಬ್ಬಿಗೆ. “ನಿನ್ನದೊಂದು ಕಸದ ಸಂಸಾರ” ಎಂದು ಅಕ್ಕ ಮೂಗು ಮುರಿಯುವುದೂ, ತಂಗಿ ಕೇಳಿಸದವಳಂತೆ ಯಂತ್ರ ತುಳಿಯುವುದೂ ದಿನನಿತ್ಯದ ಮಾತು.

ಹೀಗಿರಲು ಒಂದು ದಿನ ಕಟ್ಟಡದ ಮಾಲೀಕ ಬಂದು ಗಿರಾಕಿಗಳ ಸ್ಟೂಲಿನ ಮೇಲೆ ಕೂತ. “ನೋಡಮ್ಮ, ಕೋಣೆ ಮಾರ್ತಾ ಇದೀನಿ. ಪಕ್ಕದ ಮೊಬೈಲ್ ಅಂಗಡಿಯವನು ನಗದು ಹಿಡ್ಕೊಂಡು ನಿಂತಿದ್ದಾನೆ. ಆದ್ರೂ ಇಷ್ಟು ವರ್ಷ ಒಂದು ತಿಂಗಳೂ ಬಾಡಿಗೆ ತಪ್ಪಿಸಿಲ್ಲ ನೀನು. ತಿಂಗಳ ಕೊನೇವರೆಗೆ ನಿನಗೇ ಬಿಟ್ಟಿರ್ತೀನಿ. ಆಮೇಲೆ ನನ್ನ ಬೈಬೇಡ” ಎಂದ. ಅವನು ಎದ್ದು ಹೋದ ಮೇಲೂ ದೊಡ್ಡಕ್ಕ ಸೂಜಿಗೆ ನೂಲು ಪೋಣಿಸಲಾಗದೆ ಕೂತಿದ್ದಳು. ಈ ಕೋಣೆ ಹೋದರೆ ಐವತ್ತೆರಡನೇ ವಯಸ್ಸಿನಲ್ಲಿ ಅವಳು ಯಾರದೋ ಕಾರ್ಖಾನೆಯಲ್ಲಿ ಕಾಲರ್ ಹೊಲಿಯಬೇಕು. ಪುಟ್ಟಿಯೂ ಅಷ್ಟೇ.

ಮರುದಿನವೇ ಬ್ಯಾಂಕಿಗೆ ಹೋದಳು. ಸಾಲದ ಅಧಿಕಾರಿ ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ, ಆದರೆ ಮಾತು ಮೃದು. ಕಂಪ್ಯೂಟರ್ ನೋಡಿ, “ನಿಮ್ಮ ಕ್ರೆಡಿಟ್ ಸ್ಕೋರ್, ಅಂದ್ರೆ ಸಾಲ ತೀರಿಸೋದ್ರಲ್ಲಿ ನಿಮಗಿರೋ ಅಂಕ, ಏಳುನೂರ ಅರವತ್ತೊಂದು ಇದೆ ಮೇಡಂ. ನಮಗೆ ಏಳುನೂರ ನಲವತ್ತು ಸಾಕು. ಕೋಣೆ ಕಾಗದಪತ್ರ ತನ್ನಿ, ಸಹಿ ಮಾಡೋ ದಿನ ಇನ್ನೊಂದು ಸಲ ಸ್ಕೋರ್ ನೋಡ್ತೀವಿ, ಅಷ್ಟೇ” ಎಂದ. ದೊಡ್ಡಕ್ಕ ಹಿಗ್ಗಿ ಹೀರೇಕಾಯಿಯಾಗಿ ಹೊರಬಂದಳು.

ಇನ್ನೊಂದು ಸಲ ನೋಡುತ್ತಾರೆ! ನೋಡುವವರಿಗೆ ಒಪ್ಪವಾಗಿ ತೋರಿಸಬೇಡವೇ? ಅವಳ ಹತ್ತಿರ ಮೂರು ಕ್ರೆಡಿಟ್ ಕಾರ್ಡುಗಳಿದ್ದವು. ಒಂದು ಹದಿನಾರು ವರ್ಷ ಹಳೆಯದು. ಮಿತಿ ಮೂರು ಲಕ್ಷ, ಬಳಸಿ ಯಾವುದೋ ಕಾಲವಾಗಿತ್ತು. ಎರಡನೆಯದು ಒಂದು ಲಕ್ಷದ್ದು, ಅದೂ ಸುಮ್ಮನೆ ಬಿದ್ದಿತ್ತು. ಮೂರನೆಯದೂ ಒಂದು ಲಕ್ಷದ್ದೇ, ಆದರೆ ಅದರಲ್ಲಿ ಹೊಸ ಯಂತ್ರ ಕೊಂಡ ಎಂಬತ್ತು ಸಾವಿರ ಕಂತಿನಲ್ಲಿ ತೀರುತ್ತಿತ್ತು. ಕೆಲಸವಿಲ್ಲದೆ ನೇತಾಡುವ ಎರಡು ಕಾರ್ಡುಗಳು ದೊಡ್ಡಕ್ಕನ ಕಣ್ಣಿಗೆ ಹೇಗೆ ಕಂಡಿರಬೇಕು ಹೇಳಿ? ನೂಲಿನ ತುದಿಗಳಂತೆಯೇ.

ಫೋನು ಮಾಡಿ ಎರಡಕ್ಕೂ ಎಳ್ಳುನೀರು ಬಿಟ್ಟಳು. “ಹದಿನಾರು ವರ್ಷದಿಂದ ನಮ್ಮ ಗ್ರಾಹಕರು ನೀವು. ನಿಜವಾಗಲೂ ಮುಚ್ಚಬೇಕಾ ಮೇಡಂ?” ಎಂದು ಆ ಕಡೆಯ ಹುಡುಗಿ ಎರಡೆರಡು ಸಲ ಕೇಳಿದಳು. “ನಿಮ್ಮ ಬೆಣ್ಣೆ ಮಾತು ನನ್ನ ಹತ್ರ ನಡೆಯಲ್ಲ ತಾಯಿ, ಮುಚ್ಚು” ಎಂದಳು ಇವಳು. ಆಮೇಲೆ ಕಾರ್ಡುಗಳನ್ನು ಕೊರಳ ಕತ್ತರಿಯಿಂದಲೇ ತುಂಡು ಮಾಡಿದಳು. ಆ ತುಂಡುಗಳನ್ನೂ ಪುಟ್ಟಿ ಡಬ್ಬಿಗೆ ಹಾಕಹೋದಾಗ ಕೈಗೊಂದು ಏಟು ಕೊಟ್ಟಳು.

ಸಾಲದ್ದಕ್ಕೆ ಆ ವಾರವೇ ಇಸ್ತ್ರಿ ಪೆಟ್ಟಿಗೆ ಕೆಟ್ಟಿತು. ಹೊಸದು ತರಲು ಹೋದಲ್ಲಿ ಟೈ ಕಟ್ಟಿದವನೊಬ್ಬ, “ನಮ್ಮ ಅಂಗಡಿ ಕಾರ್ಡ್ ತಗೊಳ್ಳಿ, ಈಗಲೇ ಹತ್ತು ಪರ್ಸೆಂಟ್ ಕಡಿಮೆ” ಎಂದ. ಹಳತು ಹೋಯಿತು, ಹೊಸದೊಂದು ಇರಲಿ, ಬ್ಯಾಂಕಿನವರಿಗೂ ಚೆನ್ನಾಗಿ ಕಾಣುತ್ತದೆ ಎಂದುಕೊಂಡಳು. ಇಪ್ಪತ್ತು ಸಾವಿರದ ಕಾರ್ಡು, ಅದರಲ್ಲಿ ಹನ್ನೆರಡು ಸಾವಿರದ ಹಬೆ ಇಸ್ತ್ರಿ. ಆ ದಿನ ಅವಳ ಜಂಬ ನೋಡಬೇಕಿತ್ತು.

ತಿಂಗಳು ಮುಗಿಯಲು ಮೂರು ದಿನವಿರುವಾಗ ಕಾಗದಪತ್ರ ಹಿಡಿದು ಹೋದಳು. ಅಧಿಕಾರಿ ಕಂಪ್ಯೂಟರ್ ನೋಡಿದ. ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದ.

“ಮೇಡಂ, ಆರುನೂರ ಎಂಬತ್ತೆಂಟಕ್ಕೆ ಇಳಿದಿದೆ.”

“ಏನು ಇಳಿದಿದೆ?”

“ಸ್ಕೋರು. ಏನಾದ್ರೂ ಕಾರ್ಡ್ ಮುಚ್ಚಿದ್ರಾ?”

“ಹೂಂ, ಎರಡು. ಯಾಕೆ, ಒಳ್ಳೇದಲ್ವಾ? ಸಾಲ ಕಡಿಮೆ ಅಂತ ಅಲ್ವಾ?”

ಹುಡುಗನ ಮುಖ ಬಾಡಿತು. ಒಂದು ಚೀಟಿಯ ಮೇಲೆ ಬರೆದು ತೋರಿಸಿದ. “ಮೊದಲು ನಿಮಗೆ ಒಟ್ಟು ಐದು ಲಕ್ಷದ ಮಿತಿ ಇತ್ತು, ಬಳಸಿದ್ದು ಎಂಬತ್ತು ಸಾವಿರ. ನೂರಕ್ಕೆ ಹದಿನಾರು. ಎರಡು ಮುಚ್ಚಿದ್ರಿ, ನಾಲ್ಕು ಲಕ್ಷದ ಮಿತಿ ಹೋಯ್ತು. ಹೊಸ ಕಾರ್ಡೂ ಸೇರಿ ಈಗ ಇರೋದು ಒಂದು ಲಕ್ಷ ಇಪ್ಪತ್ತು ಸಾವಿರ, ಬಳಸಿರೋದು ತೊಂಬತ್ತೆರಡು ಸಾವಿರ. ನೂರಕ್ಕೆ ಎಪ್ಪತ್ತೇಳು. ಕಂಪ್ಯೂಟರಿಗೆ ಈ ಹೆಂಗಸು ಕತ್ತಿನವರೆಗೆ ಮುಳುಗಿದ್ದಾಳೆ ಅಂತ ಕಾಣುತ್ತೆ. ಅದರ ಜೊತೆಗೆ ಹೊಸ ಕಾರ್ಡ್ ಕೇಳಿದ್ರಿ, ಅದಕ್ಕೂ ಸ್ವಲ್ಪ ಇಳಿಯುತ್ತೆ.”

“ಅಯ್ಯೋ, ನಾನು ಒಂದು ಕಂತೂ ತಪ್ಪಿಸಿಲ್ವಲ್ಲಪ್ಪ!”

“ಗೊತ್ತು ಮೇಡಂ. ನೀವು ಏನೂ ಮಾಡದೆ ಸುಮ್ಮನೆ ಕೂತಿದ್ರೆ ಇವತ್ತು ಸಹಿ ಆಗಿರೋದು.”

ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದಳು. ಆ ತೊಂಬತ್ತೆರಡು ಸಾವಿರ ಕಟ್ಟಿಬಿಟ್ಟರೆ? ಸ್ಕೋರು ಏರುತ್ತದೆ, ಆದರೆ ಲೆಕ್ಕ ಬದಲಾಗಲು ತಿಂಗಳೋ ಒಂದೂವರೆ ತಿಂಗಳೋ ಬೇಕು. ಮೇಲಾಗಿ ಕಟ್ಟಿದರೆ ಕೋಣೆಯ ಮುಂಗಡಕ್ಕೆ ದುಡ್ಡಿಲ್ಲ. ಹಳೇ ಕಾರ್ಡಿನವರಿಗೆ ಬ್ಯಾಂಕಿನ ಮೆಟ್ಟಿಲ ಮೇಲೆಯೇ ನಿಂತು ಫೋನು ಮಾಡಿದಳು. ಮುಚ್ಚಿದ್ದು ಮುಚ್ಚಿಹೋಯಿತು ಮೇಡಂ, ಬೇಕಾದರೆ ಹೊಸದಾಗಿ ಅರ್ಜಿ ಹಾಕಿ ಎಂದರು. ಮಾಲೀಕನಿಗೆ ಮಾಡಿದಳು. “ಎರಡು ತಿಂಗಳಾ? ಆಗಲ್ಲಮ್ಮ” ಎಂದ ಅವನು. ಹೊರಡುವಾಗ ಅಧಿಕಾರಿ ಹೇಳಿದ್ದ ಮಾತೊಂದೇ ಉಳಿದಿತ್ತು: “ಮನೇಲಿ ಬೇರೆ ಯಾರದ್ದಾದ್ರೂ ಸ್ಕೋರ್ ಚೆನ್ನಾಗಿದ್ರೆ ಅವರೊಬ್ಬರ ಹೆಸರಲ್ಲೇ ಸಾಲ ಮಾಡಬಹುದು. ಕೋಣೆಯೂ ಅವರ ಹೆಸರಿಗೇ ಆಗುತ್ತೆ.”

ಮಟಮಟ ಮಧ್ಯಾಹ್ನ ಅಂಗಡಿಗೆ ಬಂದು ಶಟರನ್ನು ಅರ್ಧಕ್ಕೆ ಎಳೆದಳು. ಪುಟ್ಟಿ ಯಂತ್ರ ನಿಲ್ಲಿಸಿದಳು. ದೊಡ್ಡಕ್ಕ ಎಲ್ಲವನ್ನೂ ಹೇಳಿದಳು, ನಿಂತೇ ಹೇಳಿದಳು. ತಪ್ಪು ಮಾಡಿದೆ ಎಂದು ತಂಗಿಯ ಎದುರು ಅವಳು ಹೇಳಿದ್ದು ಜನ್ಮದಲ್ಲಿ ಇದೇ ಮೊದಲು. ಪುಟ್ಟಿ ಚುಚ್ಚಿ ಮಾತಾಡಲಿಲ್ಲ. ಎದ್ದು ಬಿಸ್ಕತ್ತಿನ ಡಬ್ಬಿ ತಂದು ಇಸ್ತ್ರಿ ಮೇಜಿನ ಮೇಲೆ ಇಟ್ಟಳು.

ಗುಂಡಿ, ನೂಲಿನುಂಡೆ, ರಸೀದಿ ಎಲ್ಲ ಸರಿಸಿದ ಮೇಲೆ ತಳದಲ್ಲಿ ಒಂದು ಕಾರ್ಡು, ಒಂದು ಮಡಿಸಿದ ಕಾಗದ. “ಹನ್ನೊಂದು ವರ್ಷದ್ದು” ಎಂದಳು ಪುಟ್ಟಿ. “ತಿಂಗಳಿಗೊಂದು ಬಸ್ ಪಾಸ್ ತಗೋತೀನಿ, ಮರುದಿನ ಕಟ್ತೀನಿ. ಇನ್ನೇನೂ ಮುಟ್ಟಲ್ಲ. ಹೋದ ವಾರ ನೋಡಿದೆ, ಏಳುನೂರ ಎಂಬತ್ತೆರಡು ಇದೆ.”

“ಹೋದ ವಾರ ಯಾಕೆ ನೋಡ್ದೆ?”

ಪುಟ್ಟಿ ಮಡಿಸಿದ ಕಾಗದವನ್ನು ಅಕ್ಕನ ಕಡೆ ಸರಿಸಿದಳು. ದೊಡ್ಡಕ್ಕ ಕಾಗದ ಬಿಡಿಸಿದಳು. ಮನೆ ಸಾಲದ ಅರ್ಜಿ. ಕೊನೇ ಬಸ್ ಸ್ಟಾಪಿನ ಹತ್ತಿರ, ಮೂರನೇ ಮಹಡಿ, ಒಂದು ಕೋಣೆ, ಮೂಲೆಯಲ್ಲಿ ಅಡುಗೆ ಕಟ್ಟೆ. ಪುಟ್ಟಿಯ ದುಂಡು ಅಕ್ಷರದಲ್ಲಿ ಪೂರ್ತಿ ತುಂಬಿತ್ತು, ಸಹಿಯೊಂದು ಬಾಕಿ. ತಾರೀಖಿನ ಜಾಗದಲ್ಲಿ ಮುಂದಿನ ತಿಂಗಳ ಐದು ಎಂದು ಪೆನ್ಸಿಲಿನಲ್ಲಿ ಬರೆದಿತ್ತು.

“ನನಗೆ ಹೇಳಲೇ ಇಲ್ವಲ್ಲೇ.”

“ಹೇಳಿದ್ರೆ ನೀನು ‘ಯಾಕೆ, ಏನು ಕಡಿಮೆಯಾಗಿದೆ ಇಲ್ಲಿ’ ಅಂತ ಕೇಳ್ತಿದ್ದೆ. ಏನೂ ಕಡಿಮೆ ಇಲ್ಲ ಅಕ್ಕ. ರಾತ್ರಿ ಹತ್ತು ಗಂಟೇಲಿ ದೀಪ ಹಾಕ್ಕೊಂಡು ಕೂರಬೇಕು ಅನ್ಸುತ್ತೆ, ಅಷ್ಟೇ.”

ಅಷ್ಟೇ ಅಂತೆ! ಒಂಬತ್ತು ವರ್ಷ ಆ ಹುಡುಗಿ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳೆಂಬುದು ದೊಡ್ಡಕ್ಕನಿಗೆ ಈಗ ಹೊಳೆಯಿತು. ಪುಟ್ಟಿಯ ದುಡಿಮೆಗೆ ಬ್ಯಾಂಕಿನವರು ಎರಡೆರಡು ಸಾಲ ಕೊಡುವುದಿಲ್ಲ. ಅಂಗಡಿಗಾದರೆ ಮನೆಯಿಲ್ಲ, ಮನೆಗಾದರೆ ಅಂಗಡಿಯಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

ಪುಟ್ಟಿಯೇ ಅರ್ಜಿಯನ್ನು ಅಕ್ಕನ ಕೈಯಿಂದ ತೆಗೆದುಕೊಂಡು, ಮೊದಲಿನ ಮಡಿಕೆಯಲ್ಲೇ ಮಡಿಸಿ ಡಬ್ಬಿಗೆ ಹಾಕಿದಳು. “ನಾಳೆ ಎಷ್ಟು ಗಂಟೆಗೆ ತೆಗೀತಾರೆ ಬ್ಯಾಂಕು?” ಎಂದಳು.

ಬೇಡ ಕಣೇ, ನಿನ್ನ ಮನೆ ನೀನು ಮಾಡ್ಕೋ ಎನ್ನಬೇಕಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಕಂಡಕಂಡವರಿಗೆಲ್ಲ ಬುದ್ಧಿ ಹೇಳುವ ಬಾಯಿಗೆ ಅವತ್ತೇ ಬೀಗ ಬೀಳಬೇಕೇ? ಎರಡು ಯಂತ್ರಗಳನ್ನು ನೋಡಿದಳು, ಪರದೆ ನೋಡಿದಳು.

“ಹತ್ತಕ್ಕೆ” ಎಂದಳು.

ಮರುದಿನ ಅಧಿಕಾರಿ ಪುಟ್ಟಿಯ ಸ್ಕೋರು ನೋಡಿ ಮುಖ ಅರಳಿಸಿದ. ಪ್ರಶ್ನೆ ಕೇಳುತ್ತ ಟೈಪು ಮಾಡತೊಡಗಿದ. ಅಂಗಡಿಯ ಅರ್ಧ ವರಮಾನ ಬರುವುದು ಪುಟ್ಟಿಯ ಖಾತೆಯಲ್ಲಿ ಕಾಣುತ್ತಿತ್ತು, ತೊಂದರೆಯಾಗಲಿಲ್ಲ.

“ವಾಸ? ಸ್ವಂತವೋ ಬಾಡಿಗೆಯೋ?”

“ಅಕ್ಕನ ಮನೇಲಿ.”

“ಸಾಲ ಹನ್ನೆರಡು ವರ್ಷದ್ದು. ವಿಳಾಸ ಬದಲಾಗೋ ಸಂಭವ ಇದೆಯಾ ಮೇಡಂ?”

ಪುಟ್ಟಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡಿದಳು. “ಇಲ್ಲ” ಎಂದಳು. “ಇದೇ ವಿಳಾಸ.”

ಹನ್ನೆರಡು ವರ್ಷ. ಪಕ್ಕದಲ್ಲಿ ಕೂತ ದೊಡ್ಡಕ್ಕ ಕೂಡಿಸಿದಳು. ಪುಟ್ಟಿಗೆ ಆಗ ಐವತ್ತೈದು. ದೊಡ್ಡಕ್ಕನಿಗೆ ಅಳು ಉಕ್ಕಿ ಬಂತು, ಬ್ಯಾಂಕಿನಲ್ಲಿ ಅಳುವುದಾದರೂ ಹೇಗೆ ಎಂದು ನುಂಗಿಕೊಂಡಳು.

ವಾಪಸು ಬರುವಾಗ ದಾರಿಯಲ್ಲಿ ಕೀ ಮಾಡುವವನ ಗೂಡಂಗಡಿ ಸಿಕ್ಕಿತು. ದೊಡ್ಡಕ್ಕ ನಿಂತಳು. ಕೊರಳ ದಾರ ಬಿಚ್ಚಿ ಮನೆಯ ಕೀ ತೆಗೆದು ಕೊಟ್ಟು, “ಇಂಥದ್ದೇ ಇನ್ನೊಂದು” ಎಂದಳು. ಚಕ್ರ ಕಿರ್ರೆಂದಿತು, ಕಿಡಿ ಹಾರಿತು. ಹೊಸ ಕೀಯನ್ನು ಸೆರಗಿನಲ್ಲಿ ಒರೆಸಿ ತಂಗಿಯ ಕೈಗಿಟ್ಟು, “ದೀಪ ಎಷ್ಟು ಹೊತ್ತಿಗಾದ್ರೂ ಆರಿಸ್ಕೋ. ಆರಿಸದಿದ್ರೂ ಪರವಾಗಿಲ್ಲ” ಎಂದಳು.

ಪುಟ್ಟಿ ಕೀಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದಳು. ಸಿಟ್ಟಿರಲಿಲ್ಲ ಅವಳಿಗೆ, ಸಿಟ್ಟಿದ್ದಿದ್ದರೆ ದೊಡ್ಡಕ್ಕ ಹೇಗೋ ತಡೆದುಕೊಳ್ಳುತ್ತಿದ್ದಳು.

“ಇದು ನಿನ್ನ ಮನೆ ಕೀ ಅಲ್ವಾ ಅಕ್ಕ” ಎಂದಳು ಪುಟ್ಟಿ. ಅದನ್ನು ಪರ್ಸಿನಲ್ಲಿ ಹಾಕಿಕೊಂಡು, ನಾಲ್ಕು ಗಂಟೆಗೆ ಕೊಡಬೇಕಾದ ಕೋಟು ಇನ್ನೂ ಅರ್ಧವಿದೆಯೆಂದು ಅಂಗಡಿಯ ಕಡೆ ಬೇಗ ಬೇಗ ನಡೆದಳು.