ಪಾರವ್ವನ ಬಿಗಿದ ಬಾಯಿ

ರಾಜಾನುಕುಂಟೆಯಿಂದ ಆಚೆ, ಹೊಸ ಲೇಔಟಿನ ಸೈಟು ಕಲ್ಲುಗಳನ್ನು ನೆಟ್ಟಿರುವ ಹೊಲಗಳ ನಡುವೆ, ಸಿಸ್ಟರುಗಳು ನಡೆಸುವ ಒಂದು ಆರೈಕೆ ಮನೆಯಿದೆ. ಆಸ್ಪತ್ರೆಯವರು ಇನ್ನು ನಮ್ಮಿಂದಾಗದು ಎಂದು ಕೈಬಿಟ್ಟವರು, ಮನೆಯಲ್ಲಿ ನೋಡಿಕೊಳ್ಳಲು ಜನವಿಲ್ಲದವರು ಅಲ್ಲಿಗೆ ಬರುತ್ತಾರೆ. ಅಲ್ಲಿನ ಹಿರಿಯರು ಸಿಸ್ಟರ್ ಕ್ರಿಸ್ಪಿನಾ. ದೊಡ್ಡಬಳ್ಳಾಪುರದ ಕಡೆಯ ಕನ್ನಡ ಕ್ರೈಸ್ತರ ಮನೆಯ ಹೆಣ್ಣು. ಲಂಗ ದಾವಣಿಯ ವಯಸ್ಸಿನಲ್ಲಿ ಕಾನ್ವೆಂಟು ಸೇರಿದವರಿಗೆ ಈಗ ಅರವತ್ತು ದಾಟಿದೆ. ನೋಡಲು ಬಂದವರು ಯಾರಾದರೂ ನಿಮ್ಮ ಸೇವೆ ದೊಡ್ಡದು ಎಂದರೆ ಅವರಿಗೆ ಸಿಡುಕು. "ಸೇವೆ ಗೀವೆ ಅಂತ ಭಾಷಣ ಬೇಡ ಕಣ್ರೀ, ಆ ಬೆಡ್‌ಪ್ಯಾನ್ ಇತ್ಲಾಗ್ ಕೊಡಿ" ಎನ್ನುವುದು ಅವರ ವರಸೆ.

ಅವರದೊಂದು ನಿಯಮ. ಯಾರೇ ಬರಲಿ, ಮೊದಲ ಸ್ನಾನ ತಾವೇ ಮಾಡಿಸಬೇಕು. ಆಗ ಮೈಮೇಲೆ ಒಂದು ದಾರವೂ ಇರಕೂಡದು. ಹಿಂದೊಮ್ಮೆ ಒಬ್ಬ ಮುದುಕನ ಉಡಿದಾರ ಸೊಂಟದ ಮಾಂಸದೊಳಕ್ಕೆ ಇಳಿದು, ಕೀವು ತುಂಬಿ, ಯಾರೂ ನೋಡದೆ ಆತ ನರಳಿ ಸತ್ತಿದ್ದ. ಅಂದಿನಿಂದ ಕತ್ತರಿ ಸಿಸ್ಟರ್ ಜೇಬಿನಲ್ಲೇ ವಾಸ. ತಾಯಿತವೋ, ಕಾಶಿದಾರವೋ, ಜಪಮಾಲೆಯೋ, ಅವರಿಗೆ ಭೇದವಿಲ್ಲ. ಕತ್ತರಿಸಿ, ಕವರಿಗೆ ಹಾಕಿ, ಮನೆಯವರ ಕೈಗೆ ಕೊಟ್ಟುಬಿಡುವರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು. ಅವರಿಗೆ ಎದುರಾಡುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

ಪಾರವ್ವ ಬಂದಾಗಲೂ ಹಾಗೇ ಆಯಿತು. ಜಮಖಂಡಿ ಕಡೆಯ ಹಿರಿಯ ಜೀವ. ಯಲಹಂಕದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುವ ಮಗ ವಿಜಯಕುಮಾರನ ಮನೆಯಲ್ಲಿದ್ದಾಗ ಲಕ್ವ ಹೊಡೆದಿತ್ತು. ಮಾತು ನಿಂತಿತ್ತು, ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಬಂದ ದಿನ ಆಕೆಗೆ ಪೂರ್ತಿ ಎಚ್ಚರವಿರಲಿಲ್ಲ. ಸಿಸ್ಟರ್ ಬೆಚ್ಚನೆಯ ನೀರು ಹಾಕಿದರು, ತಲೆ ಬಾಚಿದರು, ಬಳೆ ಬಿಚ್ಚಿದರು, ಕೊರಳಲ್ಲಿ ದಾರಕ್ಕೆ ಕಟ್ಟಿದ್ದ ಮಾಸಿದ ಬಟ್ಟೆಗಂಟನ್ನು ತಾಯಿತವೆಂದುಕೊಂಡು ಕತ್ತರಿಸಿದರು. ಮಗ ಆ ಕವರನ್ನು ನೋಡದೆಯೇ ಬ್ಯಾಗಿಗೆ ತುರುಕಿಕೊಂಡು ಶಿಫ್ಟಿಗೆ ಓಡಿದ.

ಎಚ್ಚರಾದ ಮೇಲೆ ಪಾರವ್ವ ಬಾಯಿ ಬಿಗಿದಳು. ಗಂಜಿ ತಂದರೆ ಹಲ್ಲು ಕಚ್ಚಿದಳು, ಹಾಲು ತಂದರೆ ಮುಖ ತಿರುಗಿಸಿದಳು. ಆಯಾ ಗಂಗರತ್ನಮ್ಮ ಎಲ್ಲಿಂದಲೋ ಜೋಳದ ನುಚ್ಚು ಹೊಂಚಿ ಬೇಯಿಸಿ ತಂದಳು, ಅದೂ ಬೇಡ. ಎಡಗೈಯಲ್ಲಿ ಎದೆ ತಟ್ಟಿ ತಟ್ಟಿ ಏನೋ ಹೇಳಹೊರಟರೆ ಬಾಯಿಂದ ಬರೀ ಗೊರಗೊರ ಸದ್ದು. ಎದೆನೋವಿರಬೇಕೆಂದು ಇಸಿಜಿ ಮಾಡಿಸಿದರು. ಸರಿಯಾಗಿತ್ತು. ಗ್ಯಾಸಿರಬೇಕೆಂದು ಔಷಧಿ ತಂದರು. ಅದನ್ನು ಕುಡಿಯಲೂ ಬಾಯಿ ತೆರೆಯಬೇಕಲ್ಲ! ಡ್ರಿಪ್ಪಿನ ಮೇಲೆ ಜೀವ ನಿಂತಿತ್ತು.

"ನುಂಗೋಕೆ ಏನೂ ತೊಂದ್ರೆ ಇಲ್ಲ ಸಿಸ್ಟರ್, ಬರೀ ಹಟ" ಎಂದರು ಡಾಕ್ಟರು. "ನಾಳೆ ಬಂದು ಮೂಗಿಗೆ ಟ್ಯೂಬ್ ಹಾಕ್ಬಿಡ್ತೀನಿ. ಕಿತ್ಕೋತಾರೆ, ಎಡಗೈ ಮಂಚಕ್ಕೆ ಕಟ್ಟಿರಿ."

ಸಿಸ್ಟರ್ ಹೂಂ ಎಂದರು. ಆದರೆ ಒಳಗೆ ಸಂಕಟವಾಯಿತು. ಆ ಮುದುಕಿಗೆ ಉಳಿದಿರುವುದೇ ಒಂದು ಕೈ. ಅದನ್ನೂ ಕಟ್ಟಿಹಾಕಿ ಬದುಕಿಸುವುದು ಎಂಥ ಬದುಕು?

ಮರುದಿನ ಬೆಳಿಗ್ಗೆ ಬೇರೊಬ್ಬರಿಗೆ ಸ್ನಾನ ಮಾಡಿಸಿ ಪಾರವ್ವನ ಮಂಚದ ಬಳಿ ಬಂದರು. ರೋಗಿಗೆ ತಾಗದಿರಲೆಂದು ತಮ್ಮ ಕೊರಳ ಶಿಲುಬೆಯನ್ನು ತೆಗೆದು ಬಚ್ಚಲಿನ ಕಿಟಕಿಯಲ್ಲಿಡುವುದು ಅವರ ರೂಢಿ. ಅಂದು ಹಾಕಿಕೊಳ್ಳಲು ಮರೆತಿದ್ದರು. ಕೈ ತಾನಾಗಿ ಎದೆಗೆ ಹೋಯಿತು. ಖಾಲಿ. ಗಾಬರಿಯಿಂದ ಇನ್ನೊಮ್ಮೆ ತಡವಿಕೊಂಡರು. ಎದುರಿಗೆ ಪಾರವ್ವನೂ ಅದನ್ನೇ ಮಾಡುತ್ತಿದ್ದಳು. ಆ ಕೈ ಏನನ್ನೋ ಹುಡುಕುತ್ತಿತ್ತು.

ಜಮಖಂಡಿ. ಪಾರವ್ವ. ಬಟ್ಟೆಗಂಟು.

"ಅಯ್ಯೋ ದೇವರೇ, ಲಿಂಗ!" ಎಂದರು ಸಿಸ್ಟರ್.

ಲಿಂಗಪೂಜೆಯಾಗದೆ ತೊಟ್ಟು ನೀರೂ ಮುಟ್ಟದ ಹಿರಿಯರು ಲಿಂಗಾಯತರ ಮನೆಗಳಲ್ಲಿ ಇರುತ್ತಾರೆಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಗಂಟನ್ನು ಬಿಚ್ಚಿ ನೋಡದೆ ಕತ್ತರಿ ಆಡಿಸಿದ್ದರು. ಓಡಿಹೋಗಿ ಮಗನಿಗೆ ಫೋನು ಮಾಡಿದರು.

"ಆಕೀ ಲಿಂಗ ಅದ್ರಾಗಿತ್ತೇನ್ರಿ?" ಎಂದ ವಿಜಯಕುಮಾರ. "ನಾ ಬಂಗಾರ ಐತಿ ಅಂತ ತಿಳ್ಕೊಂಡು ತಿಜೋರ್ಯಾಗ ಇಟ್ಟು ಕೀಲಿ ಹಾಕೀನ್ರಿ!"

ಶಿಫ್ಟು ಬಿಟ್ಟು, ಬೈಕು ಹತ್ತಿ, ಡಾಕ್ಟರು ಬರುವುದಕ್ಕೆ ಮುಂಚೆ ಆತ ಗಂಟು ತಂದ. ಅಷ್ಟರಲ್ಲಿ ಗಂಗರತ್ನಮ್ಮ ವಿಭೂತಿ ಹೊಂದಿಸಿದ್ದಳು. ಅಂಗಳದಲ್ಲಿ ಕಲ್ಲು ಜೋಡಿಸಿ ಕಟ್ಟಿದ್ದ ಮಾತೆ ಮರಿಯಮ್ಮನ ಗವಿಯ ಮುಂದಿನ ಗಿಡದಿಂದ ಕಣಗಿಲೆ ಹೂವನ್ನೂ ಕೊಯ್ದಿದ್ದಳು. ಮಗ ಗಂಟನ್ನು ತಾಯಿಯ ಮುಂದೆ ಹಿಡಿದ. ಪಾರವ್ವ ನೋಡಿದಳು. ನೋಡಿ, ಕಣ್ಣು ಮುಚ್ಚಿ, ಗೋಡೆಯ ಕಡೆ ತಿರುಗಿಬಿಟ್ಟಳು. ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತಿತ್ತು.

"ಮೈ ಬಿಟ್ಟು ಲಿಂಗ ಹೋಗಬಾರದು ಅಂತ ಆಕೀ ನಂಬಿಕೀರಿ" ಎಂದ ಮಗ, ತಲೆ ತಗ್ಗಿಸಿ. "ತನ್ನದ ತಪ್ಪಾತು ಅಂತ ತಿಳ್ಕೊಂಡಾಳ್ರಿ."

ಸಿಸ್ಟರ್ ಮಂಡಿಯೂರಿ ಕುಳಿತರು. ಪಾಪ ನಿವೇದನೆಗೆ ಗುರುಗಳ ಮುಂದೆ ಎಷ್ಟೋ ಸಲ ಹೀಗೆ ಕುಳಿತವರು. ಇಷ್ಟು ಭಯ ಎಂದೂ ಆಗಿರಲಿಲ್ಲ.

"ಅಮ್ಮಾ, ಇಲ್ಲಿ ನೋಡಿ. ಬಿಟ್ಟಿದ್ದು ನೀವಲ್ಲ. ನಿಮಗೆ ಎಚ್ಚರ ಇರ್ಲಿಲ್ಲ. ಕತ್ತರಿಸಿದ್ದು ನಾನು, ಈ ಕೈಯಿಂದ. ಪಾಪ ಅಂತ ಇದ್ರೆ ಅದು ನಂದು, ನಾನ್ ಹೊತ್ಕೋತೀನಿ. ನಿಮ್ಮ ದೇವರು ಕೇಳಿದ್ರೆ ನನ್ನ ಹೆಸರು ಹೇಳಿ."

ಪಾರವ್ವ ಅವರ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಎಡ ಅಂಗೈ ಬಿಚ್ಚಿದಳು. ಮಗ ಲಿಂಗವನ್ನು ಅಲ್ಲಿಟ್ಟ. ಆದರೆ ಪೂಜೆ ಮಾಡಬೇಕಾದ ಬಲಗೈ ಹಾಸಿಗೆಯ ಮೇಲೆ ಸತ್ತುಬಿದ್ದಿತ್ತು.

"ನೀವು ಮಾಡ್ಸಿ" ಎಂದರು ಸಿಸ್ಟರ್.

"ನನಗ ಬರೂದಿಲ್ರಿ. ದಿನಾ ಆಕೀ ಮಾಡತಿದ್ಲು, ನಾ ಫೋನ್ ನೋಡ್ಕೋತ ಕುಂತಿರತಿದ್ನಿ."

ಸಿಸ್ಟರ್ ಬೇರೇನೂ ಯೋಚಿಸಲಿಲ್ಲ. ಬೆಂಗಳೂರಿನ ಕಾನ್ವೆಂಟಿನಲ್ಲಿರುವ ತಮ್ಮ ಮೇಲಿನ ಮದರ್ ಬೈದರೆ ಬೈಸಿಕೊಂಡರಾಯಿತು. ಲಿಂಗಕ್ಕೆ ತಮ್ಮ ಕೈ ಸೋಕದಂತೆ, ಪಾರವ್ವನ ಸೋತ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದೆತ್ತಿದರು. ಆ ಬೆರಳುಗಳನ್ನು ನೀರಿನಲ್ಲಿ ಅದ್ದಿ ಲಿಂಗದ ಮೇಲೆ ಹನಿ ಬೀಳಿಸಿದರು. ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ ನಿಧಾನವಾಗಿ ನಡೆದಿತ್ತು ಕೆಲಸ. ನಂತರ ಆ ಬೆರಳುಗಳ ನಡುವೆ ಹೂವಿಟ್ಟು ಲಿಂಗದತ್ತ ತಂದರು.

"ಖೋಡಿ!"

ಗೊರಗೊರ ಸದ್ದಷ್ಟೇ ಬರುತ್ತಿದ್ದ ಪಾರವ್ವನ ಬಾಯಿಂದ ಹೊರಟ ಆ ಬೈಗುಳ ಇಡೀ ವಾರ್ಡಿಗೆ ಕೇಳಿಸಿತು. ಸಿಸ್ಟರ್ ಬೆಚ್ಚಿದರು. ಪಾರವ್ವ ಹುಬ್ಬು ಗಂಟಿಕ್ಕಿ, ಗದ್ದದಿಂದ ವಿಭೂತಿಯ ಕಡೆ ತೋರಿಸುತ್ತಿದ್ದಳು. ಮೊದಲು ವಿಭೂತಿ, ಆಮೇಲೆ ಹೂವು; ಅಷ್ಟೂ ತಿಳಿಯದೇ?

ಮಗನ ಮುಖ ಕೆಂಪಾಯಿತು. "ತಪ್ಪ ತಿಳ್ಕೋಬ್ಯಾಡ್ರಿ ಸಿಸ್ಟರ್. ಮನ್ಯಾಗ ನನಗೂ ನನ್ನ ಹೇಣ್ತಿಗೂ ಹಿಂಗ ಬೈತಿದ್ಲರಿ."

"ಮನೆಯವರಿಗೆ ಬೈಯೋ ಹಾಗೇ ನನಗೂ ಬೈದ್ರಲ್ಲ, ಇನ್ನೇನ್ ಬೇಕು!" ಎಂದ ಸಿಸ್ಟರಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಹೂವನ್ನು ಬದಿಗಿಟ್ಟು ವಿಭೂತಿ ಹಚ್ಚಿಸಿದರು, ಹೂವು ಏರಿಸಿದರು, ಮಗ ಹೊಸ ದಾರದಲ್ಲಿ ಗಂಟನ್ನು ಕೊರಳಿಗೆ ಕಟ್ಟಿದ.

ಗಂಗರತ್ನಮ್ಮ ಗಂಜಿ ತಂದಳು. ಸಿಸ್ಟರ್ ಚಮಚ ಎತ್ತಿದರು. "ಇನ್ನೊಂದ್ಸಲ ಬೈರಿ ಅಮ್ಮಾ, ಪರವಾಗಿಲ್ಲ" ಎಂದರು.

ಪಾರವ್ವ ಬಾಯಿ ತೆರೆದಳು. ಬೈಯಲಿಕ್ಕಲ್ಲ, ಗಂಜಿಗೆ.